ವಾಷಿಂಗ್ಟನ್ನನ ಮುತ್ತಾತನು ಯಾವ ಊರಿನವನು?

ಕ್ರಿ. ಶ. ೧೭೯೨ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದನು. ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಇದೇ ಕಾರ್ನ್‌ವಾಲಿಸನು ಹತ್ತು ವರ್ಷಗಳ ಹಿಂದೆ, ೧೭೮೧ರ ಅಕ್ಟೋಬರಿನಲ್ಲಿ, ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಯಾರ್ಕ್‌ಟೌನ್ ಎಂಬಲ್ಲಿ ಸೇನೆಸಮೇತ ಶರಣಾಗತನಾಗಿದ್ದನು. ಅಲ್ಲಿ ಅವನನ್ನು ಸೋಲಿಸಿದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಈಗ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷ. ೧೭೯೨ರ ಮೇ ೨ರಂದು ಆತನು ಫಿಲಡೆಲ್ಫಿಯಾ ನಗರದಿಂದ ಲಂಡನ್ನಿಗೆ ಒಂದು ಕಾಗದ ಬರೆದನು. ಅದರಲ್ಲಿ ಯುದ್ಧದ ಸಂಗತಿಯಿಲ್ಲ, ರಾಜ್ಯಭಾರದ ಸಂಗತಿಯೂ ಇಲ್ಲ. ಅದು ಅವನ ಮುತ್ತಾತನನ್ನು ಕುರಿತದ್ದು.

ಕಾಗದವನ್ನು ಪಡೆಯಬೇಕಾಗಿದ್ದವನು ಸರ್ ಐಸಾಕ್ ಹರ್ಡ್. ಇಂಗ್ಲೆಂಡಿನಲ್ಲಿ ಕುಲೀನರ ವಂಶಲಾಂಛನಗಳನ್ನೂ ವಂಶಾವಳಿಗಳನ್ನೂ ಕಾಪಾಡುವ ಒಂದು ರಾಜಸಂಸ್ಥೆಯುಂಟು. ಅದರ ಮುಖ್ಯಾಧಿಕಾರಿಯೇ ಈತ. ಹಿಂದಿನ ಡಿಸೆಂಬರಿನಲ್ಲಿ ಆತನು ತಾನಾಗಿಯೇ ವಾಷಿಂಗ್ಟನ್ನನಿಗೆ ಬರೆದು, ತಮ್ಮ ವಂಶದ ಮೂಲವನ್ನು ತಿಳಿಸುವಿರಾ ಎಂದು ವಿನಯದಿಂದ ಕೇಳಿದ್ದನು. ಬ್ರಿಟಿಷ್ ರಾಜನ ಅಧಿಕಾರಿಯೊಬ್ಬನು ತನ್ನ ರಾಜನ ವಿರುದ್ಧ ದಂಗೆಯೆದ್ದು ಗೆದ್ದವನ ವಂಶಾವಳಿಯನ್ನು ಹುಡುಕಹೊರಟದ್ದು ವಿಚಿತ್ರವೆನಿಸಬಹುದು. ಆದರೆ ಹರ್ಡನಿಗೆ ಅಮೆರಿಕಾ ಹೊಸತಲ್ಲ. ಅವನ ಪತ್ನಿ ಬಾಸ್ಟನ್ನಿನವಳು. ಆಕ್ಟರ್ಲೋನಿ ಎಂಬ ಹಡಗಿನ ಕಪ್ತಾನನ ವಿಧವೆ. ಆಕೆಯ ಮೊದಲ ಮದುವೆಯ ಮಗ, ಬಾಸ್ಟನ್ನಿನಲ್ಲಿಯೇ ಹುಟ್ಟಿದ ಡೇವಿಡ್ ಆಕ್ಟರ್ಲೋನಿ, ಆ ವೇಳೆಗಾಗಲೇ ಭಾರತದಲ್ಲಿ ಕಂಪನಿಯ ಸೈನ್ಯದಲ್ಲಿದ್ದನು. ಮುಂದೆ ದಿಲ್ಲಿಯಲ್ಲಿ ರೆಸಿಡೆಂಟನಾಗಿ ಹೆಸರಾದನು. ಕಲ್ಕತ್ತೆಯ ಮೈದಾನದಲ್ಲಿ ೧೮೨೮ರಲ್ಲಿ ಎದ್ದು, ೧೯೬೯ರಲ್ಲಿ ಶಹೀದ್ ಮಿನಾರ್ ಎಂಬ ಹೆಸರು ಪಡೆದ ಎತ್ತರದ ಕಂಬವು ಅವನ ಸ್ಮಾರಕವಾಗಿ ಕಟ್ಟಿದ್ದು.

ವಾಷಿಂಗ್ಟನ್ನನ ಉತ್ತರ ಸರಳವಾಗಿತ್ತು. ಈ ವಿಷಯಕ್ಕೆ ತಾನು ಗಮನ ಕೊಟ್ಟದ್ದು ಬಹಳ ಕಡಿಮೆ; ಚಿಕ್ಕಂದಿನಿಂದಲೂ ಕೆಲಸಕಾರ್ಯಗಳಲ್ಲಿ ಮುಳುಗಿದವನಿಗೆ ಇಂಥ ಶೋಧನೆಗೆ ಬಿಡುವು ದೊರೆಯಲಿಲ್ಲ; ಈ ದೇಶದಲ್ಲಿ ವಂಶದ ದಾಖಲೆಗಳನ್ನು ಇಡುವ ಕಚೇರಿಯೂ ಇಲ್ಲ, ಅದರ ಅವಶ್ಯಕತೆಯೂ ಅಷ್ಟಾಗಿ ತೋರಿಲ್ಲ ಎಂದು ಬರೆದನು. ಆದರೂ ಬಂಧುಗಳನ್ನು ಕೇಳಿ ತಿಳಿದಷ್ಟನ್ನು ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದನು. ಜಾನ್, ಲಾರೆನ್ಸ್ ಎಂಬ ಇಬ್ಬರು ಅಣ್ಣತಮ್ಮಂದಿರು ಸುಮಾರು ೧೬೫೭ರಲ್ಲಿ, ಕ್ರಾಮ್‌ವೆಲ್ಲನ ಆಳಿಕೆಯ ಕಾಲದಲ್ಲಿ, ಇಂಗ್ಲೆಂಡಿನಿಂದ ವರ್ಜೀನಿಯಾಕ್ಕೆ ಬಂದು ಪೊಟೋಮಾಕ್ ನದಿಯ ದಡದಲ್ಲಿ ನೆಲೆಸಿದರು. ಜಾನನ ಮಗ ಲಾರೆನ್ಸ್, ಅವನ ಮಗ ಆಗಸ್ಟೀನ್, ಅವನ ಮಗ ಜಾರ್ಜ್. ಆ ಅಣ್ಣತಮ್ಮಂದಿರ ಊರು ಯಾವುದು? ಉತ್ತರದ ಯಾವುದೋ ಜಿಲ್ಲೆಯೆಂದು ಮನೆಯವರು ಹೇಳುತ್ತಿದ್ದರು. ಲ್ಯಾಂಕಾಷೈರೋ, ಯಾರ್ಕ್‌ಷೈರೋ, ಅದಕ್ಕೂ ಉತ್ತರಕ್ಕೋ, ಯಾರಿಗೂ ಸರಿಯಾದ ನೆನಪಿಲ್ಲ.

ನೂರಮೂವತ್ತೈದು ವರ್ಷಗಳಲ್ಲಿ, ನಾಲ್ಕೇ ತಲೆಮಾರುಗಳಲ್ಲಿ, ಓದುಬರಹ ಬಲ್ಲ ಒಂದು ಸ್ಥಿತಿವಂತ ಕುಟುಂಬವು ತಾನು ಬಿಟ್ಟುಬಂದ ಊರಿನ ಹೆಸರನ್ನು ಮರೆತುಬಿಟ್ಟಿತ್ತು. ಆ ಹೆಸರನ್ನು ಮರಳಿ ಪಡೆಯಲು ಇನ್ನೂ ತೊಂಬತ್ತೇಳು ವರ್ಷಗಳು ಬೇಕಾದವು.

ಹರ್ಡನಿಗೆ ಒಂದು ಒಳ್ಳೆಯ ಸುಳುಹು ದೊರೆತಿತ್ತು. ವಾಷಿಂಗ್ಟನ್ನನು ತನ್ನ ಪುಸ್ತಕಗಳಿಗೆ ಅಂಟಿಸುತ್ತಿದ್ದ ಚೀಟಿಯಲ್ಲಿ ಒಂದು ವಂಶಲಾಂಛನವಿತ್ತು: ಬಿಳಿಯ ಗುರಾಣಿಯ ಮೇಲೆ ಎರಡು ಕೆಂಪು ಪಟ್ಟಿಗಳು, ಅವುಗಳ ಮೇಲೆ ಮೂರು ಕೆಂಪು ನಕ್ಷತ್ರಗಳು. ಇಂಗ್ಲೆಂಡಿನ ನಡುಭಾಗದ ನಾರ್ಥಾಂಪ್ಟನ್‌ಷೈರಿನಲ್ಲಿ ಸಲ್‌ಗ್ರೇವ್ ಎಂಬ ಹಳ್ಳಿಯುಂಟು. ಅಲ್ಲಿನ ವಾಷಿಂಗ್ಟನ್ ಮನೆತನದ ಲಾಂಛನವೂ ಇದೇ. ಉಣ್ಣೆಯ ವ್ಯಾಪಾರದಲ್ಲಿ ಹಣಗಳಿಸಿ ನಾರ್ಥಾಂಪ್ಟನ್ ನಗರದ ಮೇಯರನೂ ಆಗಿದ್ದ ಲಾರೆನ್ಸ್ ವಾಷಿಂಗ್ಟನ್ ಎಂಬವನು, ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿ ಅವುಗಳ ಜಮೀನನ್ನು ಮಾರಿದಾಗ, ೧೫೩೯ರಲ್ಲಿ ಸಲ್‌ಗ್ರೇವನ್ನು ಕೊಂಡಿದ್ದನು. ಹರ್ಡನ ಕಚೇರಿಯ ಅಧಿಕಾರಿಗಳು ಹಿಂದೆ ಜಿಲ್ಲೆಜಿಲ್ಲೆಗೂ ಸಂಚಾರ ಹೋಗಿ ಕುಲೀನರ ವಂಶಾವಳಿಯನ್ನು ಬರೆದುಕೊಳ್ಳುವ ಪದ್ಧತಿಯಿತ್ತು. ೧೬೧೮ರ ಸಂಚಾರದ ಪುಸ್ತಕವನ್ನು ತೆರೆದಾಗ ಅದರಲ್ಲಿ ಈ ಮನೆತನದ ಅಣ್ಣತಮ್ಮಂದಿರು ಸಾಲಾಗಿ ಕಂಡರು. ಅವರಲ್ಲಿ ಒಬ್ಬನು ಜಾನ್, ಇನ್ನೊಬ್ಬನು ಲಾರೆನ್ಸ್!

ಲಾಂಛನವು ಹೊಂದಿತು, ಹೆಸರುಗಳು ಹೊಂದಿದವು, ಕಾಲವೂ ಹೆಚ್ಚುಕಡಿಮೆ ಹೊಂದಿದಂತೆ ತೋರಿತು. ಇವರೇ ವರ್ಜೀನಿಯಾಕ್ಕೆ ಹೋದ ಸಹೋದರರು ಎಂದು ಹರ್ಡನು ವಂಶವೃಕ್ಷವನ್ನು ಜೋಡಿಸಿದನು. ಜಿಲ್ಲೆಯ ಇತಿಹಾಸ ಬರೆದವರು ಅದನ್ನು ಸ್ವೀಕರಿಸಿದರು. ಅಮೆರಿಕೆಯಲ್ಲಿ ವಾಷಿಂಗ್ಟನ್ ಇರ್ವಿಂಗನು ೧೮೫೫ರಿಂದ ಪ್ರಕಟಿಸಿದ ಅಧ್ಯಕ್ಷನ ಬೃಹಚ್ಚರಿತ್ರೆಯಲ್ಲಿಯೂ ಅದೇ ಸೇರಿತು. ಮುದ್ರಿತ ಪುಸ್ತಕದಲ್ಲಿ ಒಮ್ಮೆ ಕಾಣಿಸಿಕೊಂಡ ತಪ್ಪಿಗೆ ಆಯುಸ್ಸು ಹೆಚ್ಚು. ಅಮೆರಿಕೆಯಿಂದ ಬಂದ ಯಾತ್ರಿಕರು ಸಲ್‌ಗ್ರೇವಿಗೂ, ಅದೇ ಜಿಲ್ಲೆಯ ಬ್ರಿಂಗ್ಟನ್ ಚರ್ಚಿಗೂ ಹೋಗಲಾರಂಭಿಸಿದರು. ಬ್ರಿಂಗ್ಟನ್ನಿನ ನೆಲದಲ್ಲಿ ೧೬೧೬ರಲ್ಲಿ ಮೃತನಾದ ಇನ್ನೊಬ್ಬ ಲಾರೆನ್ಸನ ಸಮಾಧಿಶಿಲೆಯಿದೆ. ಅದರ ಮೇಲೆ ಪಟ್ಟಿಗಳೂ ನಕ್ಷತ್ರಗಳೂ ಕೆತ್ತಿವೆ. ಚಾರ್ಲ್ಸ್ ಸಮ್ನರ್ ಎಂಬ ಸೆನೆಟರನು ಆ ಶಿಲೆಗಳ ಪ್ರತಿಕೃತಿಗಳನ್ನು ತರಿಸಿ ಮಸಾಚುಸೆಟ್ಸ್ ಸಂಸ್ಥಾನದ ರಾಜಭವನದಲ್ಲಿ ಇಡಿಸಿದನು.

ಇಷ್ಟಕ್ಕೇ ತೃಪ್ತಿಯಾಗದವರೂ ಇದ್ದರು. ೧೮೭೯ರಲ್ಲಿ ಆಲ್ಬರ್ಟ್ ವೆಲ್ಸ್ ಎಂಬವನು ನ್ಯೂಯಾರ್ಕಿನಲ್ಲಿ ಒಂದು ದಪ್ಪ ಗ್ರಂಥವನ್ನು ಅಚ್ಚುಹಾಕಿಸಿ, ವಾಷಿಂಗ್ಟನ್ ವಂಶವು ಕ್ರಿಸ್ತಪೂರ್ವ ೭೦ರಲ್ಲಿದ್ದ ಓಡಿನ್ನನಿಂದ ಇಳಿದು ಬಂದದ್ದೆಂದು ಸಾರಿದನು. ಓಡಿನ್ ಎಂದರೆ ಉತ್ತರ ಯೂರೋಪಿನ ಪುರಾಣಗಳ ದೇವಾಧಿದೇವ. ಸೂರ್ಯಚಂದ್ರವಂಶಗಳಿಗೆ ಗಂಟುಹಾಕಿದ ಪ್ರಶಸ್ತಿಗಳನ್ನು ಶಾಸನಗಳಲ್ಲಿ ಓದಿ ಬಲ್ಲವರಿಗೆ ಇದೇನೂ ಆಶ್ಚರ್ಯವೆನಿಸದು.

ಹರ್ಡನ ಜೋಡಣೆಯನ್ನು ಮುರಿದವನು ಅಮೆರಿಕದವನೇ. ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ ೧೮೨೧ರಲ್ಲಿ ಕನೆಕ್ಟಿಕಟ್ಟಿನಲ್ಲಿ ಜನಿಸಿ, ನಡುವಯಸ್ಸಿನಲ್ಲಿ ವ್ಯವಹಾರಕ್ಕಾಗಿ ಲಂಡನ್ನಿಗೆ ಬಂದವನು, ಬಂದವನು ಮರಳಲಿಲ್ಲ. ಹಳೆಯ ದಾಖಲೆಗಳ ಹುಚ್ಚು ಅವನಿಗೆ ಹಿಡಿಯಿತು. ವೆಸ್ಟ್‌ಮಿನ್‌ಸ್ಟರ್ ಆಬೆಯ ವಿವಾಹ, ದೀಕ್ಷಾಸ್ನಾನ, ಶವಸಂಸ್ಕಾರಗಳ ರಿಜಿಸ್ಟರುಗಳನ್ನು ವರ್ಷಗಟ್ಟಲೆ ದುಡಿದು, ಟಿಪ್ಪಣಿಗಳೊಡನೆ ೧೮೭೬ರಲ್ಲಿ ಪ್ರಕಟಿಸಿದನು. ಊರೂರಿನ ಚರ್ಚುಗಳ ರಿಜಿಸ್ಟರುಗಳಿಂದ ಕೈಯಾರೆ ನಕಲು ಮಾಡಿದ ಸಂಪುಟಗಳೇ ಅವನಲ್ಲಿ ೮೦ಕ್ಕೂ ಹೆಚ್ಚಾಗಿದ್ದವು.

ಚೆಸ್ಟರನು ೧೮೬೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕೇಳಿದ ಪ್ರಶ್ನೆ ಬಹು ಸುಲಭವಾದದ್ದು: ೧೬೧೮ರ ಪಟ್ಟಿಯಲ್ಲಿರುವ ಆ ಜಾನ್ ಮತ್ತು ಲಾರೆನ್ಸ್ ಮುಂದೆ ಏನಾದರು? ಇದನ್ನು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ. ಜಾನನಿಗೆ ೧೬೨೩ರಲ್ಲಿ ನೈಟ್ ಪದವಿ ದೊರೆತು ಆತನು ಸರ್ ಜಾನ್ ಆಗಿದ್ದನು. ಅವನ ಹೆಂಡತಿಮಕ್ಕಳ ಹೆಸರುಗಳೆಲ್ಲ ಇಂಗ್ಲೆಂಡಿನ ದಾಖಲೆಗಳಲ್ಲಿ ಸ್ಪಷ್ಟವಾಗಿವೆ. ವರ್ಜೀನಿಯಾದ ಜಾನನನ್ನಾದರೋ ಯಾವ ಕಾಗದದಲ್ಲಿಯೂ ಯಾರೂ ‘ಸರ್’ ಎಂದು ಕರೆದಿಲ್ಲ. ಆ ಕಾಲದಲ್ಲಿ ಇಂಥ ಬಿರುದನ್ನು ಬಿಟ್ಟು ಬರೆಯುವುದು ಊಹೆಗೂ ಮೀರಿದ ಮಾತು. ಇನ್ನು ಲಾರೆನ್ಸನು ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನಲ್ಲಿ ಓದಿ, ಎಂ. ಎ. ಪದವೀಧರನಾಗಿ, ಅಲ್ಲಿಯೇ ಫೆಲೋ ಆಗಿದ್ದು, ಆಮೇಲೆ ಎಸೆಕ್ಸಿನ ಪರ್ಲೀ ಎಂಬ ಊರಿನಲ್ಲಿ ಪಾದ್ರಿಯಾದವನು. ವರ್ಜೀನಿಯಾದ ಲಾರೆನ್ಸನಾದರೋ ವ್ಯಾಪಾರಿ. ಹೀಗೆ ಹರ್ಡನ ಎರಡು ಕೊಂಬೆಗಳೂ ಕಳಚಿಬಿದ್ದವು.

ಕೆಡವಿದ್ದಾಯಿತು, ಆ ಜಾಗದಲ್ಲಿ ಏನನ್ನು ನಿಲ್ಲಿಸಬೇಕು? ಚೆಸ್ಟರನು ಮುಂದೆ ಹದಿನಾರು ವರ್ಷಗಳ ಕಾಲ ವಾಷಿಂಗ್ಟನ್ ಎಂಬ ಹೆಸರು ಬಂದಲ್ಲೆಲ್ಲ ಬರೆದಿಟ್ಟುಕೊಳ್ಳುತ್ತ ಹೋದನು. ಖಚಿತವಾದ ಆಧಾರ ದೊರೆಯುವವರೆಗೆ ಏನನ್ನೂ ಹೇಳಲಾರೆನೆಂಬುದು ಅವನ ಹಟ. ದೊರೆಯಲಿಲ್ಲ. ೧೮೮೨ರಲ್ಲಿ ಆತನು ಲಂಡನ್ನಿನಲ್ಲಿಯೇ ತೀರಿಕೊಂಡನು.

ಮರುವರ್ಷ, ೧೮೮೩ರಲ್ಲಿ, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಐತಿಹಾಸಿಕ ವಂಶಾವಳಿ ಸಂಘವು ಸೇಲಂ ಪಟ್ಟಣದ ಹೆನ್ರಿ ಫಿಟ್ಸ್‌ಗಿಲ್ಬರ್ಟ್ ವಾಟರ್ಸ್ ಎಂಬವನನ್ನು ಇಂಗ್ಲೆಂಡಿಗೆ ಕಳುಹಿಸಿತು. ವಾಟರ್ಸನ ಕ್ರಮವೇ ಬೇರೆ. ಒಂದು ವಂಶವನ್ನು ಹಿಡಿದು ಅದರ ಬೆನ್ನುಹತ್ತಿ ಹೋಗುವುದು ಅವನ ಪದ್ಧತಿಯಲ್ಲ. ಲಂಡನ್ನಿನ ಸಾಮರ್ಸೆಟ್ ಹೌಸಿನಲ್ಲಿ ಶೇಖರವಾಗಿದ್ದ ಹಳೆಯ ಉಯಿಲುಗಳನ್ನು ಒಂದಾದ ಮೇಲೊಂದರಂತೆ ಓದುತ್ತ, ಅಮೆರಿಕಾಕ್ಕೆ ಹೋದ ಯಾವ ಕುಟುಂಬದ ಸುಳುಹು ಕಂಡರೂ ಬರೆದಿಡುವುದು. ಬೆಸ್ತನು ಬಲೆ ಬೀಸಿ ಕಾದಂತೆ. ಹೀಗೆ ಕಾದವನ ಬಲೆಗೆ ೧೮೮೫ರಲ್ಲಿಯೇ ಒಂದು ದೊಡ್ಡ ಮೀನು ಬಿದ್ದಿತು: ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡನ ಮನೆತನ. ಅವನ ತಂದೆ ಲಂಡನ್ನಿನ ಸದರ್ಕ್‌ನಲ್ಲಿ ಮಾಂಸದ ಅಂಗಡಿಯವನೆಂದು ತಿಳಿದುಬಂದಿತು.

ಆ ಉಯಿಲುಗಳ ಸ್ವರೂಪವನ್ನು ಸ್ವಲ್ಪ ತಿಳಿದರೆ ಕೆಲಸದ ಕಷ್ಟ ಅರಿವಾದೀತು. ಇಂಗ್ಲೆಂಡಿನಲ್ಲಿ ೧೫೩೮ರ ಆಜ್ಞೆಯಿಂದ ಪ್ರತಿಯೊಂದು ಚರ್ಚಿನಲ್ಲಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ರಿಜಿಸ್ಟರು ಇಡಬೇಕಾಯಿತು. ಉಯಿಲುಗಳನ್ನು ಊರ್ಜಿತಗೊಳಿಸುವ ಅಧಿಕಾರವೂ ೧೮೫೮ರವರೆಗೆ ಚರ್ಚಿನ ನ್ಯಾಯಸ್ಥಾನಗಳದೇ. ಇಂಥ ನ್ಯಾಯಸ್ಥಾನ ಒಂದಲ್ಲ, ಹತ್ತಾರು. ಯಾವ ಊರು ಯಾವುದರ ವ್ಯಾಪ್ತಿಗೆ ಸೇರಿತೆಂಬುದೇ ಒಂದು ಗೋಜು. ಬರೆಹವೋ ಹಂಸದ ಗರಿಯದು, ಅಕ್ಷರಗಳು ಇಂದಿನವರಿಗೆ ಗುರುತು ಸಿಗದಂಥವು. ಭಾಷೆ ಅರ್ಧ ಲ್ಯಾಟಿನ್. ಒಂದೇ ಪುಟದಲ್ಲಿ ಒಂದೇ ಹೆಸರಿಗೆ ಮೂರು ಕಾಗುಣಿತ. ಅಲ್ಲದೆ, ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷವು ಮಾರ್ಚಿ ೨೫ಕ್ಕೆ ಪ್ರಾರಂಭವಾಗುತ್ತಿತ್ತು. ಯುಗಾದಿಯಂದು ವರ್ಷ ತಿರುಗುವುದನ್ನು ಬಲ್ಲ ನಮ್ಮವರಿಗೆ ಇದು ಬೇಗ ತಿಳಿಯುತ್ತದೆ: ಫೆಬ್ರವರಿಯ ಕಾಗದದಲ್ಲಿ ೧೬೫೫ ಎಂದಿದ್ದರೆ ಇಂದಿನ ಲೆಕ್ಕಕ್ಕೆ ಅದು ೧೬೫೬. ಜಾರ್ಜ್ ವಾಷಿಂಗ್ಟನ್ನನೇ ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಂತೆ ೧೭೩೧/೩೨ರ ಫೆಬ್ರವರಿ ೧೧ರಂದು ಹುಟ್ಟಿದವನು. ೧೭೫೨ರಲ್ಲಿ ಪಂಚಾಂಗವನ್ನು ತಿದ್ದಿದ ಮೇಲೆ ಅದು ೧೭೩೨ರ ಫೆಬ್ರವರಿ ೨೨ ಆಯಿತು.

ವಾಟರ್ಸನ ಕೈಗೆ ಸಿಕ್ಕಿದ್ದು ಇಂಥದೇ ಒಂದು ಕಾಗದ. ಸೇಂಟ್ ಆಲ್ಬನ್ಸಿನ ಚರ್ಚ್ ನ್ಯಾಯಸ್ಥಾನಕ್ಕೆ ಸೇರಿದ ಕಟ್ಟಿನಲ್ಲಿ, ೧೬೫೬ರ ಫೆಬ್ರವರಿ ೮ರ ದಾಖಲೆಯೊಂದಿತ್ತು. ಹರ್ಟ್‌ಫರ್ಡ್‌ಷೈರಿನ ಟ್ರಿಂಗ್ ಎಂಬ ಊರಿನಲ್ಲಿ ಉಯಿಲು ಬರೆಯದೆ ತೀರಿಹೋದ ಆಂಫಿಲಿಸ್ ವಾಷಿಂಗ್ಟನ್ ಎಂಬಾಕೆಯ ಆಸ್ತಿಯ ಆಡಳಿತವನ್ನು ಆಕೆಯ ಮಗ ಜಾನನಿಗೆ ಒಪ್ಪಿಸಿದ ಪತ್ರ ಅದು. ಒಂದು ಹೆಸರು ಜಾನ್. ಇಂಗ್ಲೆಂಡಿನಲ್ಲಿ ಜಾನರಿಗೇನು ಬರಗಾಲವೇ? ಆದರೆ ಆಂಫಿಲಿಸ್ ಎಂಬುದು ಬಹು ಅಪರೂಪದ ಹೆಸರು. ಶೋಧಕನಿಗೆ ಇಂಥ ಹೆಸರು ದೊರೆತರೆ ನಿಧಿ ದೊರೆತಂತೆಯೇ.

ಅದೇ ಊರಿನ ಆಂಡ್ರ್ಯೂ ನೋಲಿಂಗ್ ಎಂಬವನ ಉಯಿಲೂ ಸಿಕ್ಕಿತು. ಅದನ್ನು ಬರೆದದ್ದು ೧೬೫೦ರ ಜನವರಿಯಲ್ಲಿ. ನೋಲಿಂಗನು ಆಂಫಿಲಿಸಳನ್ನು ತನ್ನ ಮಲಮಗಳೆಂದು ಕರೆದು, ಆಕೆಗೂ ಆಕೆಯ ಮಕ್ಕಳಿಗೂ ಹಣವನ್ನು ಹಂಚಿದ್ದಾನೆ. ಮಕ್ಕಳು ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ತಾ. ಜೊತೆಗೆ ತನ್ನ ಧರ್ಮಪುತ್ರನಾದ ‘ಕಿರಿಯ ಲಾರೆನ್ಸ್’, ಟ್ರಿಂಗಿನ ಜಮೀನೆಲ್ಲ ಅವನಿಗೆ. ‘ಕಿರಿಯ’ ಎಂಬ ಈ ಒಂದು ಮಾತಿನಲ್ಲಿ ಹಿರಿಯ ಲಾರೆನ್ಸನೊಬ್ಬನು ಅಡಗಿದ್ದಾನೆ. ಅವನೇ ಮಕ್ಕಳ ತಂದೆ. ವಾಟರ್ಸನು ಟ್ರಿಂಗಿನ ಚರ್ಚ್ ರಿಜಿಸ್ಟರನ್ನು ತೆರೆಸಿದನು. ೧೬೩೫ರಲ್ಲಿ ಲಾರೆನ್ಸ್, ೧೬೩೬ರಲ್ಲಿ ಎಲಿಜಬೆತ್, ೧೬೪೧ರಲ್ಲಿ ವಿಲಿಯಂ: ಮೂವರ ದೀಕ್ಷಾಸ್ನಾನವೂ ಅಲ್ಲಿ ನಮೂದಾಗಿತ್ತು, ತಂದೆಯ ಹೆಸರು ಲಾರೆನ್ಸ್ ವಾಷಿಂಗ್ಟನ್.

ಆ ತಂದೆ ಯಾರು? ಇನ್ನಿತರ ಉಯಿಲುಗಳನ್ನೂ ಚರ್ಚಿನ ಕಡತಗಳನ್ನೂ ಕೂಡಿಸಿ ನೋಡಿದಾಗ ಬಂದ ಉತ್ತರ, ಪರ್ಲೀ ಊರಿನ ಪಾದ್ರಿ. ೧೬೧೮ರ ಪಟ್ಟಿಯಲ್ಲಿದ್ದ ಅದೇ ಲಾರೆನ್ಸ್!

ಹರ್ಡನು ನಿಂತಿದ್ದದ್ದು ಸರಿಯಾದ ಮನೆಯ ಬಾಗಿಲಿನಲ್ಲಿಯೇ. ತಪ್ಪಿದ್ದು ಒಂದೇ ಒಂದು ತಲೆಮಾರು. ವರ್ಜೀನಿಯಾಕ್ಕೆ ಹೋದ ಲಾರೆನ್ಸನೆಂದು ಅವನು ಭಾವಿಸಿದವನು ವಾಸ್ತವವಾಗಿ ಹೋದ ಸಹೋದರರಿಬ್ಬರ ತಂದೆ. ಜಾನನೆಂದು ಭಾವಿಸಿದ ಸರ್ ಜಾನನು ಅವರ ದೊಡ್ಡಪ್ಪ. ಚೆಸ್ಟರನಂಥ ಚೆಸ್ಟರನೂ ಪಾದ್ರಿಯನ್ನು ಹುಡುಕಿ ತೆಗೆದು, ಇವನಲ್ಲವೆಂದು ಪಕ್ಕಕ್ಕೆ ಇಟ್ಟನಲ್ಲದೆ, ಇವನ ಮಕ್ಕಳಾಗಿರಬಹುದೇ ಎಂಬುದನ್ನು ತೀರ್ಮಾನಿಸುವ ಕಾಗದ ಅವನಿಗೆ ದಕ್ಕಲಿಲ್ಲ. ವಾಟರ್ಸನ ಪ್ರಬಂಧವು ೧೮೮೯ರ ಅಕ್ಟೋಬರಿನಲ್ಲಿ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೊಸ ವಂಶಾವಳಿಯಲ್ಲಿ ದೇವತೆಗಳಿಲ್ಲ, ನೈಟರೂ ನೇರವಾಗಿ ಇಲ್ಲ. ಇರುವುದು ಒಂದು ನೊಂದ ಸಂಸಾರ. ಫೆಲೋಗಳಿಗೆ ಮದುವೆ ನಿಷಿದ್ಧವಾಗಿದ್ದ ಕಾಲದಲ್ಲಿ ಲಾರೆನ್ಸನು ಕಾಲೇಜನ್ನು ಬಿಟ್ಟು, ೧೬೩೩ರ ಸುಮಾರಿಗೆ ಪರ್ಲೀಗೆ ಬಂದನು. ಒಳ್ಳೆಯ ಉತ್ಪತ್ತಿಯ ಊರು. ಅಂತರ್ಯುದ್ಧ ಮೊದಲಾದೊಡನೆ, ಆತನು ರಾಜಪಕ್ಷದವನೆಂಬ ಕಾರಣದಿಂದ ಪಾರ್ಲಿಮೆಂಟಿನವರು ೧೬೪೩ರಲ್ಲಿ ಅವನನ್ನು ಹೊರಗಟ್ಟಿದರು. ಹೆಂಡದಂಗಡಿಗಳಲ್ಲಿ ಕುಳಿತು ಕುಡಿಯುವವನೆಂದು ಒಂದು ಕರಪತ್ರದಲ್ಲಿ ಅಚ್ಚುಹಾಕಿದರು. ವಿರೋಧಿಗಳ ಈ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ವಾಚಕರಿಗೆ ಬಿಟ್ಟದ್ದು. ೧೭೧೪ರಲ್ಲಿ, ಹೀಗೆ ಪದಚ್ಯುತರಾದ ಪಾದ್ರಿಗಳ ಚರಿತ್ರೆಯನ್ನು ಬರೆದ ವಾಕರನು, ಲಾರೆನ್ಸನನ್ನು ಬಲ್ಲವರು ಸಜ್ಜನನೂ ಮಿತಭೋಗಿಯೂ ಎಂದು ಸಾಕ್ಷಿ ಹೇಳಿದುದನ್ನು ಕಾಣಿಸಿದ್ದಾನೆ. ಕೊನೆಗೆ ಅವನಿಗೆ ದೊರೆತದ್ದು, ಬಡತನದಿಂದಾಗಿ ಯಾರಿಗೂ ಬೇಡವಾಗಿದ್ದ ಲಿಟಲ್ ಬ್ರಾಕ್ಸ್‌ಟೆಡ್ ಎಂಬ ಊರು. ಹೆಂಡತಿಮಕ್ಕಳು ಟ್ರಿಂಗಿನಲ್ಲಿ ನೋಲಿಂಗನ ಆಸರೆಯಲ್ಲಿ. ತಂದೆ ದೂರದ ಎಸೆಕ್ಸಿನಲ್ಲಿ. ೧೬೫೩ರ ಜನವರಿಯಲ್ಲಿ ಮಾಲ್ಡನ್ ಪಟ್ಟಣದಲ್ಲಿ ಅವನ ಶವಸಂಸ್ಕಾರವಾಯಿತು. ಎರಡು ವರ್ಷಗಳಾಗುವಷ್ಟರಲ್ಲಿ ಆಂಫಿಲಿಸಳೂ ಟ್ರಿಂಗಿನ ಮಣ್ಣು ಸೇರಿದಳು.

ತಾಯಿಯ ಆಸ್ತಿಯ ಪತ್ರವನ್ನು ಪಡೆದ ಹಿರಿಯ ಮಗ ಜಾನನಿಗೆ ಆಗ ಇಪ್ಪತ್ತೈದರ ಒಳಗಿನ ಪ್ರಾಯ. ಆ ವರ್ಷವೇ ಆತನು ಎಡ್ವರ್ಡ್ ಪ್ರೆಸ್ಕಾಟ್ ಎಂಬ ವ್ಯಾಪಾರಿಯ ‘ಸೀ ಹಾರ್ಸ್’ ಎಂಬ ಸಣ್ಣ ಹಡಗಿನಲ್ಲಿ ಸಹಾಯಕನಾಗಿ ಸೇರಿ, ಬಾಲ್ಟಿಕ್ ಸಮುದ್ರದ ಬಂದರುಗಳನ್ನು ಸುತ್ತಿ, ೧೬೫೭ರ ಆರಂಭದಲ್ಲಿ ಹೊಗೆಸೊಪ್ಪು ಕೊಳ್ಳಲು ವರ್ಜೀನಿಯಾಕ್ಕೆ ಬಂದನು. ಹಿಂದಿರುಗುವಾಗ ಪೊಟೋಮಾಕ್ ನದಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಅದನ್ನು ಮೇಲೆತ್ತಿ ಸರಿಪಡಿಸುವಷ್ಟರಲ್ಲಿ ಜಾನನು ಅಲ್ಲಿಯೇ ನಿಲ್ಲಲು ನಿಶ್ಚಯಿಸಿದ್ದನು. ಸಂಬಳ ಕೊಡೆಂದು ಇವನು, ನೀನೇ ನನಗೆ ಬಾಕಿಯೆಂದು ಅವನು. ಜಗಳ ನ್ಯಾಯಸ್ಥಾನಕ್ಕೆ ಹೋಯಿತು. ಅಲ್ಲಿನ ಜಮೀನುದಾರ ನಥೇನಿಯಲ್ ಪೋಪನು, ಬೇಕಾದರೆ ಈ ಹುಡುಗನಿಗಾಗಿ ಬೀವರ್ ಚರ್ಮಗಳನ್ನು ಜಾಮೀನಾಗಿ ಕೊಡುತ್ತೇನೆಂದು ಮುಂದೆ ಬಂದನು. ಮುಂದಿನದನ್ನು ಊಹಿಸುವುದು ಕಷ್ಟವಲ್ಲ: ಪೋಪನ ಮಗಳು ಆನ್‌ಳನ್ನು ಜಾನನು ಮದುವೆಯಾದನು, ೭೦೦ ಎಕರೆ ಭೂಮಿ ಬಳುವಳಿಯಾಗಿ ಬಂದಿತು.

ಇವೆಲ್ಲ ತಿಳಿದಿರುವುದು ವ್ಯಾಜ್ಯದ ಕಾಗದಗಳಿಂದ. ಶಾಂತವಾಗಿ ಬಾಳಿದವರು ದಾಖಲೆಗಳಲ್ಲಿ ಮೂರು ಸಲ ಮಾತ್ರ ಕಾಣಿಸಿಕೊಳ್ಳುತ್ತಾರೆ, ಹುಟ್ಟಿದಾಗ, ಮದುವೆಯಾದಾಗ, ಸತ್ತಾಗ. ಜಗಳಗಂಟರು ಪುಟಪುಟದಲ್ಲಿಯೂ ಸಿಗುತ್ತಾರೆ. ವಂಶಶೋಧಕನು ಅವರಿಗೆ ಋಣಿ. ೧೬೫೯ರಲ್ಲಿ ಜಾನನು ಅದೇ ಪ್ರೆಸ್ಕಾಟನ ಮೇಲೆ ಇನ್ನೊಂದು ದೂರು ಕೊಟ್ಟನು: ಅವನ ಹಡಗಿನಲ್ಲಿ ಎಲಿಜಬೆತ್ ರಿಚರ್ಡ್‌ಸನ್ ಎಂಬ ಹೆಂಗಸನ್ನು ಮಾಟಗಾತಿಯೆಂದು ಗಲ್ಲಿಗೇರಿಸಿದರೆಂದು. ಮೇರಿಲೆಂಡಿನಲ್ಲಿ ವಿಚಾರಣೆ ಗೊತ್ತಾಯಿತು. ಅಂದು ಬರಲಾರೆನೆಂದು ಸೆಪ್ಟೆಂಬರ್ ೩೦ರಂದು ಜಾನನು ಗವರ್ನರನಿಗೆ ಬರೆದನು. ಕಾರಣ, ತನ್ನ ಎಳೆಯ ಮಗನ ದೀಕ್ಷಾಸ್ನಾನಕ್ಕೆ ನಂಟರಿಷ್ಟರನ್ನೆಲ್ಲ ಕರೆದಾಗಿತ್ತು. ಸಾಕ್ಷಿಯಿಲ್ಲದೆ ಪ್ರೆಸ್ಕಾಟನು ಬಿಡುಗಡೆ ಹೊಂದಿದನು. ಆ ಹೆಂಗಸಿಗೆ ನ್ಯಾಯ ದೊರೆಯಲಿಲ್ಲ. ಇತಿಹಾಸಕ್ಕೆ ಮಾತ್ರ ಒಂದು ತಾರೀಖು ದೊರೆಯಿತು: ಆ ಎಳೆಯ ಮಗನೇ ಲಾರೆನ್ಸ್, ಜಾರ್ಜ್ ವಾಷಿಂಗ್ಟನ್ನನ ಅಜ್ಜ.

ಟ್ರಿಂಗಿನ ಆ ಮಕ್ಕಳೇ ವರ್ಜೀನಿಯಾದ ವಾಷಿಂಗ್ಟನ್ನರೆಂಬುದಕ್ಕೆ ಅತ್ಯಂತ ಗಟ್ಟಿಯಾದ ಆಧಾರವು ಒಬ್ಬ ಹೆಂಗಸಿನಿಂದ ಬಂದದ್ದು. ಜಾನನು ತನ್ನ ಉಯಿಲಿನಲ್ಲಿ, ಇಂಗ್ಲೆಂಡಿನಿಂದ ಬರಲಿದ್ದ ತಂಗಿ ಮಾರ್ತಾಳಿಗೆ ೧೦ ಪೌಂಡನ್ನೂ, ಬಂದ ಮೇಲೆ ಒಂದು ವರ್ಷದ ಊಟವಸತಿಯನ್ನೂ, ೪೦೦೦ ಪೌಂಡು ತೂಕದ ಹೊಗೆಸೊಪ್ಪನ್ನೂ ಬರೆದಿಟ್ಟಿದ್ದನು. ಮಾರ್ತಾ ಬಂದಳು, ಹೇವರ್ಡ್ ಎಂಬವನನ್ನು ಮದುವೆಯಾದಳು, ವಿಧವೆಯಾಗಿ ೧೬೯೭ರಲ್ಲಿ ತನ್ನ ಉಯಿಲನ್ನು ಬರೆದಳು. ಅದರಲ್ಲಿ, ಇಂಗ್ಲೆಂಡಿನಲ್ಲಿರುವ ಹಿರಿಯಕ್ಕ ಎಲಿಜಬೆತ್ ರಂಬೋಲ್ಡಳಿಗೂ ಇನ್ನೊಬ್ಬ ಸೋದರಿ ಮಾರ್ಗರೆಟ್ ಟಾಲ್ಬಟಳಿಗೂ ತಲಾ ಒಂದೊಂದು ಟನ್ ಹೊಗೆಸೊಪ್ಪನ್ನು ಕಳುಹಿಸಬೇಕೆಂದು ಹೇಳಿದ್ದಾಳೆ. ಎಲಿಜಬೆತ್, ಮಾರ್ಗರೆಟ್, ಮಾರ್ತಾ: ನಾಲ್ವತ್ತೇಳು ವರ್ಷಗಳ ಹಿಂದೆ ಟ್ರಿಂಗಿನಲ್ಲಿ ನೋಲಿಂಗನು ತನ್ನ ಉಯಿಲಿನಲ್ಲಿ ಬರೆಸಿದ ಮೂರು ಹೆಸರುಗಳೇ ಇವು. ಒಡಹುಟ್ಟಿದವರನ್ನು ನೋಡಿ ಎಷ್ಟೋ ವರ್ಷಗಳಾಗಿದ್ದ ಮುದುಕಿಯು, ಅವರು ಬದುಕಿದ್ದಾರೆಂಬ ಭರವಸೆಯಿಂದ ಸಮುದ್ರದಾಚೆಗೆ ಕಳುಹಿಸಿದ ಕೊನೆಯ ಕಾಣಿಕೆಯು ವಂಶಾವಳಿಯ ಬೆಸುಗೆಯಾಯಿತು. ಗಂಡುಮಕ್ಕಳ ಹೆಸರನ್ನೇ ಹಿಡಿದು ಹುಡುಕುತ್ತಿದ್ದ ಪಂಡಿತರು ಈ ಅಕ್ಕತಂಗಿಯರನ್ನು ಮೊದಲೇ ವಿಚಾರಿಸಿದ್ದರೆ ಎಷ್ಟು ಕಾಲ ಉಳಿಯುತ್ತಿತ್ತೋ!

ಸಂಬಂಧವು ಸ್ಥಿರಪಟ್ಟ ಮೇಲೆ, ೧೯೧೪ರಲ್ಲಿ ಸಲ್‌ಗ್ರೇವಿನ ಹಳೆಯ ಮನೆಯನ್ನು ಕೊಂಡು, ದುರಸ್ತಿ ಮಾಡಿ, ೧೯೨೧ರಲ್ಲಿ ಸಾರ್ವಜನಿಕರಿಗೆ ತೆರೆದರು. ಎರಡು ಪಟ್ಟಿ, ಮೂರು ನಕ್ಷತ್ರಗಳ ಲಾಂಛನವು ೧೯೩೮ರಿಂದ ಅಮೆರಿಕೆಯ ರಾಜಧಾನಿ ವಾಷಿಂಗ್ಟನ್ ನಗರದ ಬಾವುಟವಾಗಿದೆ. ಮನೆಯವರು ಹೇಳುತ್ತಿದ್ದ ‘ಉತ್ತರದ ಜಿಲ್ಲೆ’ಯ ಮಾತೂ ಸಂಪೂರ್ಣ ಸುಳ್ಳಾಗಲಿಲ್ಲ. ಸಲ್‌ಗ್ರೇವನ್ನು ಕೊಂಡವನ ಹಿರಿಯರು ಲ್ಯಾಂಕಾಷೈರಿನ ವಾರ್ಟನ್ನಿನವರು. ಅವರಿಗೂ ಹಿಂದಿನವರು ಉತ್ತರದ ಡರಂ ಪ್ರಾಂತದಲ್ಲಿ ಹನ್ನೆರಡನೆಯ ಶತಮಾನದಲ್ಲಿ ವೆಸಿಂಗ್ಟನ್ ಎಂಬ ಊರನ್ನು ಪಡೆದು, ಆ ಊರಿನ ಹೆಸರನ್ನೇ ಮನೆತನಕ್ಕೆ ಇಟ್ಟುಕೊಂಡವರು.

ವಾಷಿಂಗ್ಟನ್ ಮನೆತನದ ಕಾಗದಗಳಲ್ಲಿ ಇನ್ನೊಂದು ಬಗೆಯ ವಂಶಾವಳಿಯೂ ಉಂಟು. ಜಾರ್ಜ್ ವಾಷಿಂಗ್ಟನ್ನನು ತಾನು ಸಾಯುವ ವರ್ಷ, ೧೭೯೯ರಲ್ಲಿ, ಮೌಂಟ್ ವರ್ನನ್ ಜಮೀನಿನಲ್ಲಿದ್ದ ಗುಲಾಮರ ಪಟ್ಟಿಯನ್ನು ಸ್ವಹಸ್ತದಿಂದ ಬರೆದನು. ಒಟ್ಟು ೩೧೭ ಜನ. ಅವರಲ್ಲಿ ೧೨೩ ಜನರು ಅವನ ಸ್ವಂತದವರು. ೧೫೩ ಜನರು ಪತ್ನಿ ಮಾರ್ತಾಳ ಮೊದಲ ಗಂಡನಾದ ಕಸ್ಟಿಸನ ಆಸ್ತಿಗೆ ಸೇರಿದವರು. ಉಳಿದವರು ಬಾಡಿಗೆಗೆ ಪಡೆದವರು. ಅಣ್ಣತಮ್ಮಂದಿರು ಬಂದ ಊರಿನ ಹೆಸರನ್ನು ತಿಳಿಯದಿದ್ದ ಆ ಮನುಷ್ಯನು ಈ ಪಟ್ಟಿಯಲ್ಲಿ ಯಾರು ಯಾರ ಗಂಡ, ಯಾರು ಯಾರ ಹೆಂಡತಿ, ಯಾವ ತೋಟದಲ್ಲಿ ಯಾರ ವಾಸವೆಂಬುದನ್ನು ಎಚ್ಚರಿಕೆಯಿಂದ ಗುರುತು ಹಾಕಿದ್ದಾನೆ. ತನ್ನ ಸ್ವಂತದ ೧೨೩ ಜನರಿಗೆ, ಪತ್ನಿಯ ಮರಣಾನಂತರ ಬಿಡುಗಡೆಯಾಗಬೇಕೆಂದು ಉಯಿಲಿನಲ್ಲಿ ಬರೆದನು. ಮಾರ್ತಾ ೧೮೦೧ರ ಜನವರಿ ೧ರಂದೇ ಅವರನ್ನು ಬಿಟ್ಟಳು. ಕಸ್ಟಿಸನ ಆಸ್ತಿಯವರನ್ನು ಬಿಡುವ ಅಧಿಕಾರ ಕಾನೂನಿನಂತೆ ಇಬ್ಬರಿಗೂ ಇರಲಿಲ್ಲ. ೧೮೦೨ರಲ್ಲಿ ಆಕೆ ತೀರಿದ ಮೇಲೆ ಅವರು ನಾಲ್ವರು ಮೊಮ್ಮಕ್ಕಳಿಗೆ ಪಾಲಾಗಿ ಹೋದರು. ಸ್ವತಂತ್ರನಾದ ಗಂಡನೊಂದು ಕಡೆ, ಪಾಲಿಗೆ ಹೋದ ಹೆಂಡತಿ ಒಂದು ಕಡೆ, ಮಕ್ಕಳು ತಾಯಿಯ ಒಡೆಯನ ಕಡೆ.

ಆ ಜನರ ಸಂತತಿಯವರು ಇಂದು ತಮ್ಮ ಹಿರಿಯರನ್ನು ಹುಡುಕಹೊರಟರೆ ಅವರಿಗೆ ಟ್ರಿಂಗಿನ ರಿಜಿಸ್ಟರಿನಂಥದು ಇಲ್ಲ. ೧೮೫೦ ಮತ್ತು ೧೮೬೦ರ ಅಮೆರಿಕೆಯ ಜನಗಣತಿಗಳಲ್ಲಿ ಗುಲಾಮರಿಗಾಗಿ ಬೇರೆ ಹಾಳೆಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರಿನ ಕೆಳಗೆ ಪ್ರಾಯ, ಲಿಂಗ, ಮೈಬಣ್ಣ ಇಷ್ಟನ್ನೇ ಬರೆದರು. ಹೆಸರಿನ ಕಲಮೇ ಸಾಮಾನ್ಯವಾಗಿ ಖಾಲಿ. ಅವರಲ್ಲಿ ಬಹುಮಂದಿಗೆ ಜನಗಣತಿಯಲ್ಲಿ ಹೆಸರು ಬಂದದ್ದು ೧೮೭೦ರಲ್ಲಿ. ಅದರ ಹಿಂದಕ್ಕೆ ಹೋಗಬೇಕಾದರೆ ಒಡೆಯರ ಉಯಿಲುಗಳನ್ನೂ, ಪಾಲುಪಟ್ಟಿಗಳನ್ನೂ, ದನಕರುಗಳ ಲೆಕ್ಕದ ಜೊತೆಗೇ ಮನುಷ್ಯರ ಲೆಕ್ಕವನ್ನೂ ಬರೆದ ಪುಸ್ತಕಗಳನ್ನೂ ತಡಕಬೇಕು. ಆದುದರಿಂದ ಹೆಸರುಗಳಿರುವ, ಗಂಡಹೆಂಡಿರ ಗುರುತುಗಳಿರುವ ೧೭೯೯ರ ಆ ಪಟ್ಟಿ ಅವರಿಗೆ ಅತ್ಯಮೂಲ್ಯ.

ಮೌಂಟ್ ವರ್ನನ್ನಿನಲ್ಲಿ ವಾಷಿಂಗ್ಟನ್ನನ ಸಮಾಧಿಯಿಂದ ಕೂಗಳತೆಯ ದೂರದಲ್ಲಿ, ಮರಗಳ ನಡುವೆ ಗುಲಾಮರ ಸ್ಮಶಾನವಿದೆ. ಗೋರಿಗಳ ಮೇಲೆ ಕಲ್ಲಿಲ್ಲ. ೧೯೨೯ರಲ್ಲಿ ಅಲ್ಲೊಂದು ಗುರುತಿನ ಶಿಲೆಯನ್ನೂ, ೧೯೮೩ರಲ್ಲಿ ಒಂದು ಸ್ಮಾರಕವನ್ನೂ ಇಟ್ಟರು. ೨೦೧೪ರಿಂದ ಶೋಧಕರು ಮೇಲ್ಮಣ್ಣನ್ನಷ್ಟೇ ಸರಿಸಿ, ಒಳಗಿನವರನ್ನು ಕದಲಿಸದೆ, ಮಣ್ಣಿನ ಬಣ್ಣದ ವ್ಯತ್ಯಾಸದಿಂದ ಒಂದೊಂದು ಗುಂಡಿಯನ್ನೂ ಗುರುತಿಸಿ, ನಕ್ಷೆಯಲ್ಲಿ ಬರೆದುಕೊಳ್ಳತೊಡಗಿದರು. ಯಾವ ಗುಂಡಿ ಯಾರದೆಂದು ಹೇಳುವ ರಿಜಿಸ್ಟರು ಇಲ್ಲ.